ಕಡಿಮೆ ಮಾಡುವ ಇಂಗ್ಲಿಷ್ ಕ್ರಿಯಾಪದಗಳು: ಇಳಿದದ್ದು ಏನು, ಉಳಿದದ್ದು ಏನು?

ಅನುವಾದಕರು, ವರದಿಗಾರರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಸೇರಿದ್ದ ಒಂದು ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಕೇಳುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬ್ಯಾಂಕ್ ಪರೀಕ್ಷೆಗೋ ಕೆಪಿಎಸ್‌ಸಿಗೋ ತಯಾರಾಗುತ್ತಿರುವವರು ಇಲ್ಲಿ ತುಂಬಾ ಜನ ಇದ್ದೀರಿ. ನಿಮ್ಮ ಗೈಡುಗಳಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಇದ್ದೇ ಇರುತ್ತದೆ. ಮಿಟಿಗೇಟ್, ಅಲೀವಿಯೇಟ್, ಅಸ್ವೇಜ್, ಅಲೇ, ಪ್ಯಾಲಿಯೇಟ್, ಅಬೇಟ್. ಎಲ್ಲದರ ಮುಂದೆಯೂ ಹೆಚ್ಚು ಕಡಿಮೆ ಒಂದೇ ಅರ್ಥ: ಕಡಿಮೆ ಮಾಡು, ಶಮನಗೊಳಿಸು. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಟಿಕ್ ಹಾಕಲು ಇಷ್ಟು ಸಾಕು. ಆದರೆ ಒಂದು ವಾಕ್ಯ ಬರೆಯಲು ಸಾಲದು. ಒಂದು ಸರ್ಕಾರಿ ಪತ್ರವನ್ನೋ ಕೋರ್ಟಿನ ತೀರ್ಪನ್ನೋ ಆಸ್ಪತ್ರೆಯ ಚೀಟಿಯನ್ನೋ ಕನ್ನಡದಲ್ಲಿ ವಿವರಿಸಲು ಕೂತರೆ ಈ ಪಟ್ಟಿ ದಾರಿ ತಪ್ಪಿಸುತ್ತದೆ.

ನನ್ನ ಮಾತು ಇಷ್ಟೇ. ಇಂಥ ಕ್ರಿಯಾಪದ ಕಂಡಾಗ ಮೂರು ಪ್ರಶ್ನೆ ಕೇಳಬೇಕು. ಕಡಿಮೆಯಾದದ್ದು ಏನು? ಕಡಿಮೆ ಮಾಡಿದವರು ಯಾರು? ಕಡಿಮೆಯಾದ ಮೇಲೆ ಉಳಿದದ್ದು ಏನು? ಮೂರನೆಯದು ಎಲ್ಲಕ್ಕಿಂತ ಮುಖ್ಯ. ನೋವು ಕಡಿಮೆಯಾಯಿತು ಅಂದರೆ ನೋವು ಇನ್ನೂ ಇದೆ ಅಂತಲೇ ಅರ್ಥ, ಅಲ್ವಾ? ಇಂಗ್ಲಿಷಿನ ಈ ಪದಗಳಲ್ಲಿ ಹೆಚ್ಚಿನವು ಆ ಉಳಿಕೆಯನ್ನು ಒಳಗೇ ಇಟ್ಟುಕೊಂಡಿರುತ್ತವೆ. ನಾವು ಕನ್ನಡಕ್ಕೆ ತರುವಾಗ 'ನಿವಾರಣೆ' ಅಂತಲೋ 'ಪರಿಹಾರ' ಅಂತಲೋ ಬರೆದುಬಿಡುತ್ತೇವೆ. ಉಳಿಕೆ ಮಾಯವಾಗುತ್ತದೆ. ಓದುವವನಿಗೆ ಎಲ್ಲಾ ಸರಿಹೋಯಿತು ಅನಿಸುತ್ತದೆ.

ಮೊದಲು ನಮ್ಮ ಮನೆಯ ಮಾತನ್ನೇ ನೋಡೋಣ. ಜ್ವರ ಬಿಡುತ್ತದೆ. ಊತ ಇಳಿಯುತ್ತದೆ. ಹಸಿವು ಹಿಂಗುತ್ತದೆ. ಸಿಟ್ಟು ತಣ್ಣಗಾಗುತ್ತದೆ. ಹೊಳೆಯ ನೀರು ತಗ್ಗುತ್ತದೆ. ಸಾಲ ತೀರುತ್ತದೆ. 'ಹಸಿವು ತಗ್ಗಿತು' ಅಂತ ಯಾರಾದರೂ ಅಂದರೆ ಅರ್ಥವಾಗುತ್ತದೆ, ಆದರೆ ಕಿವಿಗೆ ಹೊಂದುವುದಿಲ್ಲ. 'ಊತ ಹಿಂಗಿತು' ಅಂದರೆ ಇನ್ನೂ ವಿಚಿತ್ರ. ಯಾವ ಕ್ರಿಯಾಪದ ಬರಬೇಕು ಅನ್ನುವುದನ್ನು ನಾಮಪದ ಮೊದಲೇ ನಿರ್ಧರಿಸಿರುತ್ತದೆ. ಇದನ್ನು ನಮಗೆ ಯಾರೂ ಕಲಿಸಲಿಲ್ಲ, ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲೂ ಹೀಗೇ. ಅಲೇ ಅನ್ನುವ ಪದಕ್ಕೆ ಭಯ, ಅನುಮಾನ, ಆತಂಕ ಬೇಕು. ಅಸ್ವೇಜ್ ಅನ್ನುವುದಕ್ಕೆ ಅಪರಾಧಿ ಭಾವ, ದುಃಖ, ಕೆಲವೊಮ್ಮೆ ಹಸಿವು ಬಾಯಾರಿಕೆ ಬೇಕು. ಅಲೀವಿಯೇಟ್ ಅನ್ನುವುದಕ್ಕೆ ನೋವು, ಬಡತನ, ಟ್ರಾಫಿಕ್ಕಿನ ಒತ್ತಡದಂಥ ಹೊರೆ ಬೇಕು. ಮಿಟಿಗೇಟ್ ಅನ್ನುವುದಕ್ಕೆ ಅಪಾಯ, ನಷ್ಟ, ಪರಿಣಾಮ ಬೇಕು. ಪದದ ಜೊತೆಗೆ ಅದರ ನಾಮಪದವನ್ನೂ ಸೇರಿಸಿ ಕಲಿಯದಿದ್ದರೆ ಕಲಿತದ್ದು ಅರ್ಧವೇ.

ಈ ಪದಗಳ ಬೇರು ನೋಡಿದರೆ ಒಂದು ಸಂತೋಷ ಕಾದಿದೆ. ಹೈಸ್ಕೂಲಿನಲ್ಲಿ ಛಂದಸ್ಸು ಓದುವಾಗ ಪದ್ಯದ ಸಾಲಿನ ಮೇಲೆ ಲಘು, ಗುರು ಗುರುತು ಹಾಕಿದ್ದು ಎಲ್ಲರಿಗೂ ನೆನಪಿರಬೇಕು. ಲಘು ಅಂದರೆ ಹಗುರ, ಗುರು ಅಂದರೆ ಭಾರ. ಅಲೀವಿಯೇಟ್ ಬಂದದ್ದು ಲ್ಯಾಟಿನ್ನಿನ 'ಲೆವಿಸ್' ಅನ್ನುವ ಪದದಿಂದ. ಲೆವಿಸ್ ಅಂದರೆ ಹಗುರ. ಅದರ ವಿರುದ್ಧ ಪದ ಅಗ್ರವೇಟ್. ಅದು 'ಗ್ರಾವಿಸ್' ಅನ್ನುವುದರಿಂದ ಬಂತು. ಗ್ರಾವಿಸ್ ಅಂದರೆ ಭಾರ. ಸಂಸ್ಕೃತದ ಲಘು ಮತ್ತು ಲ್ಯಾಟಿನ್ನಿನ ಲೆವಿಸ್ ಒಂದೇ ಹಳೆಯ ಬೇರಿನ ಎರಡು ಕೊಂಬೆಗಳು. ಗುರು ಮತ್ತು ಗ್ರಾವಿಸ್ ಕೂಡ ಹಾಗೆಯೇ. ಅಂದರೆ ಅಲೀವಿಯೇಟ್ ಅಂದರೆ ಲಘು ಮಾಡುವುದು, ಅಗ್ರವೇಟ್ ಅಂದರೆ ಗುರು ಮಾಡುವುದು. ಇದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಅಸ್ವೇಜ್ ಒಳಗೆ ಲ್ಯಾಟಿನ್ನಿನ 'ಸುವಾವಿಸ್' ಇದೆ, ಸಿಹಿ ಅಂತ ಅರ್ಥ. ಅದರ ಬಂಧು ನಮ್ಮ 'ಸ್ವಾದು'. ಅಟೆನ್ಯುಯೇಟ್ ಒಳಗೆ 'ತೆನುಯಿಸ್' ಇದೆ, ತೆಳು ಅಂತ ಅರ್ಥ. ಅದರ ಬಂಧು ಸಂಸ್ಕೃತದ 'ತನು'. ತನ್ವಿ, ತನ್ವಂಗಿ ಅಂತ ಕಾವ್ಯದಲ್ಲಿ ಬರುವುದು ಇದೇ ತನು, ತೆಳ್ಳಗಿನ ಮೈಯವಳು ಅಂತ. ಹೀಗಾಗಿ ಒಂದು ಪದ ಹಗುರ ಮಾಡುತ್ತದೆ, ಒಂದು ಸಿಹಿ ಮಾಡುತ್ತದೆ, ಒಂದು ತೆಳುವಾಗಿಸುತ್ತದೆ. ಮಿಟಿಗೇಟ್ ಮೆತ್ತಗೆ ಮಾಡುತ್ತದೆ, ಅದರ ಬೇರಿನಲ್ಲಿರುವ 'ಮಿತಿಸ್' ಅಂದರೆ ಮೃದು. ಅಲೇ ಮಾತ್ರ ಲ್ಯಾಟಿನ್ ಮನೆಯದಲ್ಲ, ಹಳೆಯ ಇಂಗ್ಲಿಷಿನದೇ. ಕೆಳಗೆ ಇಡುವುದು ಅಂತ ಅದರ ಮೂಲ ಅರ್ಥ. ಎದ್ದ ಭಯವನ್ನು ಕೆಳಗೆ ಕೂರಿಸುವುದು.

ಈಗ ವ್ಯಾಕರಣದ ಒಂದು ಸಣ್ಣ ಗಂಟು. ಇವುಗಳಲ್ಲಿ ಕೆಲವಕ್ಕೆ ಕರ್ಮವಾಗಿ ಮನುಷ್ಯ ಬರಬಹುದು, ಕೆಲವಕ್ಕೆ ಬರಬಾರದು. ರೋಗಿಯ ನೋವನ್ನು ಅಲೀವಿಯೇಟ್ ಮಾಡಬಹುದು, ರೋಗಿಯನ್ನು ಮಾಡಲಾಗದು. ರೋಗಿಯನ್ನು ರಿಲೀವ್ ಮಾಡಬಹುದು. ರೋಗಿಯನ್ನು ನೋವಿನಿಂದ ರಿಲೀವ್ ಮಾಡಿದರು ಅನ್ನುವಾಗ ಇಂಗ್ಲಿಷಿನಲ್ಲಿ ನೋವು ಅನ್ನುವ ಪದಕ್ಕಿಂತ ಮೊದಲು 'ಆಫ್' ಬರಬೇಕು, 'ಫ್ರಮ್' ಅಲ್ಲ. ನಮ್ಮ 'ಇಂದ' ಪ್ರತ್ಯಯ ಮನಸ್ಸಿನಲ್ಲಿ ಕೂತಿರುವುದರಿಂದ ಕೈ ತಾನಾಗಿ ಫ್ರಮ್ ಬರೆಯುತ್ತದೆ. ಸಮಾಧಾನ ಮಾಡು ಅನ್ನುವ ಅರ್ಥದ ಮಾಲಿಫೈ, ಪ್ಲಕೇಟ್, ಅಪೀಸ್, ಪ್ಯಾಸಿಫೈ ಈ ನಾಲ್ಕಕ್ಕೂ ಸಾಮಾನ್ಯವಾಗಿ ಮನುಷ್ಯರೇ ಬೇಕು. ಸಿಟ್ಟಾದವರು, ಮುನಿಸಿಕೊಂಡವರು, ಗಲಾಟೆ ಮಾಡುತ್ತಿರುವವರು. ಅವರ ಸಿಟ್ಟು ಕೂಡ ಕರ್ಮವಾಗಬಹುದು. ಆದರೆ ಹಲ್ಲುನೋವನ್ನು ಯಾರೂ ಮಾಲಿಫೈ ಮಾಡುವುದಿಲ್ಲ. ಸಬ್‌ಸೈಡ್ ಅನ್ನುವುದು ತಾನಾಗಿ ಆಗುವ ಕೆಲಸ. ಪ್ರವಾಹ ಸಬ್‌ಸೈಡ್ ಆಗುತ್ತದೆ, ಜಿಲ್ಲಾಧಿಕಾರಿ ಅದನ್ನು ಸಬ್‌ಸೈಡ್ ಮಾಡಲಾಗದು. ಕನ್ನಡದಲ್ಲಿ ತಗ್ಗು ಮತ್ತು ತಗ್ಗಿಸು ಅಂತ ಎರಡನ್ನೂ ಬೇರೆ ಮಾಡಿ ಇಟ್ಟುಕೊಂಡಿದ್ದೇವೆ. ಇಂಗ್ಲಿಷಿನ ಈಸ್ ಎರಡೂ ಕೆಲಸ ಮಾಡುತ್ತದೆ. ಮಳೆ ಈಸ್ ಆಗುತ್ತದೆ, ಔಷಧಿ ನೋವನ್ನು ಈಸ್ ಮಾಡುತ್ತದೆ. ಯಾವುದನ್ನು ಬಳಸಬೇಕು ಅಂತ ಅನುಮಾನ ಬಂದಾಗ ಈಸ್ ಹಾಕಿ. ಅಷ್ಟು ಚಿಕ್ಕ ಪದ ಅಷ್ಟು ಕಡೆ ಸಲ್ಲುವುದು ಅಪರೂಪ. ದೊಡ್ಡ ಪದ ಬಳಸಿದರೆ ಮಾತ್ರ ಒಳ್ಳೆಯ ಇಂಗ್ಲಿಷ್ ಅನ್ನುವ ನಂಬಿಕೆಯನ್ನು ದಯವಿಟ್ಟು ಬಿಡಿ.

ರಿಲೀವ್ ಬಗ್ಗೆ ಹೇಳುವಾಗ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇರುವವರಿಗೆ ರಿಲೀವಿಂಗ್ ಲೆಟರ್ ನೆನಪಾಗಿರಬೇಕು. ಸರ್ಕಾರಿ ಕಚೇರಿಯಲ್ಲಿ ವರ್ಗವಾದವರನ್ನೂ ರಿಲೀವ್ ಮಾಡುತ್ತಾರೆ. ಅದೂ ಹೊರೆ ಇಳಿಸುವ ಅರ್ಥವೇ, ಇಲ್ಲಿ ಹೊರೆ ಅಂದರೆ ಜವಾಬ್ದಾರಿ.

ಈಗ ಸ್ವಲ್ಪ ನಿಧಾನವಾಗಿ ಮಾತನಾಡಬೇಕಾದ ಜಾಗಕ್ಕೆ ಬರುತ್ತೇನೆ. ಪ್ಯಾಲಿಯೇಟ್. ಲ್ಯಾಟಿನ್ನಿನಲ್ಲಿ 'ಪಾಲಿಯಮ್' ಅಂದರೆ ಮೈಮೇಲೆ ಹೊದೆಯುವ ನಿಲುವಂಗಿ. ಅದರಿಂದ ಹೊದಿಸು, ಮುಚ್ಚು ಅನ್ನುವ ಅರ್ಥ ಬಂತು. ಹಿಂದೆ ಇಂಗ್ಲಿಷಿನಲ್ಲಿ ತಪ್ಪನ್ನು ಮುಚ್ಚಿಹಾಕಿ ಸಣ್ಣದು ಮಾಡಿ ತೋರಿಸುವುದಕ್ಕೂ ಈ ಪದ ಬಳಕೆಯಲ್ಲಿತ್ತು. ವೈದ್ಯಕೀಯದಲ್ಲಿ ಅದರ ಅರ್ಥ: ರೋಗದ ಮೂಲಕ್ಕೆ ಕೈ ಹಾಕದೆ ಅದರ ಬಾಧೆಯನ್ನು ಕಡಿಮೆ ಮಾಡುವುದು. 1967ರಲ್ಲಿ ವೈದ್ಯೆ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ ಅನ್ನುವ, ಕೊನೆಗಾಲದ ರೋಗಿಗಳ ಆರೈಕೆಯ ಮನೆ ಶುರು ಮಾಡಿದರು. ಗುಣವಾಗದ ಕಾಯಿಲೆಯವರ ನೋವನ್ನು ವೈದ್ಯಕೀಯದ ಗಂಭೀರ ಕೆಲಸವಾಗಿ ಕಂಡವರು ಅವರು. ಅಲ್ಲಿಂದ ಪ್ರೇರಣೆ ಪಡೆದ ಕೆನಡಾದ ಸರ್ಜನ್ ಬಾಲ್ಫೋರ್ ಮೌಂಟ್ ಮಾಂಟ್ರಿಯಲ್ಲಿನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 1975ರಲ್ಲಿ ಅಂಥದೇ ವಿಭಾಗ ತೆರೆದರು. ಮಾಂಟ್ರಿಯಲ್ ಫ್ರೆಂಚ್ ಮಾತಾಡುವ ಊರು. ಫ್ರೆಂಚಿನಲ್ಲಿ ಹಾಸ್ಪಿಸ್ ಅಂದರೆ ದಿಕ್ಕಿಲ್ಲದವರ ಆಶ್ರಯ ಅನ್ನುವ ಭಾವನೆ ಇತ್ತು. ಅದಕ್ಕೇ ಅವರು ಪ್ಯಾಲಿಯೇಟಿವ್ ಕೇರ್ ಅನ್ನುವ ಹೆಸರನ್ನು ಆರಿಸಿಕೊಂಡರು. ಇವತ್ತು ಜಗತ್ತೆಲ್ಲ ಬಳಸುವುದು ಅದನ್ನೇ. ಬೆಂಗಳೂರಿನಲ್ಲೂ ಕರುಣಾಶ್ರಯದಂಥ ಸಂಸ್ಥೆಗಳು ಈ ಕೆಲಸವನ್ನು ಮಾಡುತ್ತಿವೆ.

ಕನ್ನಡದಲ್ಲಿ ಇದಕ್ಕೆ ಉಪಶಮನ ಆರೈಕೆ ಅನ್ನುತ್ತಾರೆ. ಪದ ಚೆನ್ನಾಗಿದೆ. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಈ ಪದ ಯಾರ ಬಾಯಲ್ಲೂ ಬರುವುದಿಲ್ಲ. ಡಾಕ್ಟರು 'ಪ್ಯಾಲಿಯೇಟಿವ್ ಕೀಮೋ ಕೊಡೋಣ' ಅನ್ನುತ್ತಾರೆ. ಮನೆಯವರಿಗೆ ಕೇಳಿಸುವುದು 'ಕೀಮೋ ಕೊಡೋಣ' ಅಂತ ಮಾತ್ರ. ಕೀಮೋ ಕೊಟ್ಟರೆ ಗುಣವಾಗುತ್ತದೆ ಅಂತ ಅವರು ತಿಳಿಯುತ್ತಾರೆ, ಜಮೀನು ಮಾರುತ್ತಾರೆ. ನಡುವೆ ಇದ್ದ ಪದ ಹೇಳಿದ್ದು ಬೇರೆ: ಇದು ಬಾಧೆಯನ್ನು ತಗ್ಗಿಸಲು, ಇನ್ನಷ್ಟು ದಿನ ನೆಮ್ಮದಿಯಾಗಿ ಇರಲು, ರೋಗ ಉಳಿಯುತ್ತದೆ. ಆ ಕೊನೆಯ ಎರಡು ಪದಗಳನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ನನಗೆ ಗೊತ್ತು. ಆದರೂ ಅನುವಾದಕರಾಗಿ, ಆಪ್ತ ಸಲಹೆಗಾರರಾಗಿ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಅದನ್ನು ಹೇಳಲೇಬೇಕು. ಇನ್ನೊಂದು ಕಡೆ, ಪ್ಯಾಲಿಯೇಟಿವ್ ಅಂದ ಕೂಡಲೇ 'ಇನ್ನೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ' ಅಂತ ತಿಳಿಯುವುದೂ ತಪ್ಪು. ಗುಣಪಡಿಸುವ ಚಿಕಿತ್ಸೆಯ ಜೊತೆಜೊತೆಗೇ ಈ ಆರೈಕೆ ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ರೋಗದ ಶುರುವಿನಿಂದಲೇ ಕೊಡಬೇಕು ಅನ್ನುತ್ತದೆ.

ಹಾಗೆಯೇ 'ನೋವು ನಿವಾರಕ' ಅನ್ನುವ ನಮ್ಮ ಪದವನ್ನು ನೋಡಿ. ನಿವಾರಣೆ ಅಂದರೆ ಇಲ್ಲದಂತೆ ಮಾಡುವುದು. ಮಾತ್ರೆ ಕೆಲವು ಗಂಟೆ ನೋವನ್ನು ತಗ್ಗಿಸುತ್ತದೆ, ಅಷ್ಟೇ. ಮಾತ್ರೆಯ ಮಟ್ಟಿಗೆ ಇದರಿಂದ ದೊಡ್ಡ ಹಾನಿಯಿಲ್ಲ. ಆದರೆ ಇದೇ ನಿವಾರಣೆ ಬಡತನದ ಪಕ್ಕ ಬಂದು ಕೂತಾಗ ಮಾತು ಬೇರೆ. ಪಾವರ್ಟಿ ಅಲೀವಿಯೇಷನ್ ಅನ್ನುವುದನ್ನು ಬಡತನ ನಿವಾರಣೆ ಅಂತಲೂ, ಕೆಲವೊಮ್ಮೆ ಬಡತನ ನಿರ್ಮೂಲನೆ ಅಂತಲೂ ಬರೆಯುತ್ತೇವೆ. ಅಲೀವಿಯೇಟ್ ಅಷ್ಟು ದೊಡ್ಡ ಮಾತು ಕೊಟ್ಟಿಲ್ಲ. ಅದು ಹೊರೆ ಹಗುರ ಮಾಡುತ್ತೇನೆ ಅಂದಿದೆ, ಹೊರೆಯೇ ಇರುವುದಿಲ್ಲ ಅಂದಿಲ್ಲ. ಈ ಗೊಂದಲ ಕನ್ನಡದವರಿಗೆ ಮಾತ್ರ ಅಂದುಕೊಳ್ಳಬೇಡಿ. ವಿಶ್ವಸಂಸ್ಥೆಯ ಸಹಸ್ರಮಾನದ ಗುರಿಗಳಲ್ಲಿ ಮೊದಲನೆಯದರ ಹೆಸರು 'ಕಡು ಬಡತನ ಮತ್ತು ಹಸಿವನ್ನು ನಿರ್ಮೂಲನೆ ಮಾಡುವುದು'. ಅದರ ಕೆಳಗೆ ಬರೆದಿದ್ದ ಲೆಕ್ಕ ಬೇರೆ: ದಿನಕ್ಕೆ 1 ಡಾಲರಿಗಿಂತ ಕಡಿಮೆ ಆದಾಯದವರ ಪ್ರಮಾಣವನ್ನು 1990ರಿಂದ 2015ರ ಒಳಗೆ ಅರ್ಧಕ್ಕೆ ಇಳಿಸುವುದು. ಹೆಸರಿನಲ್ಲಿ ನಿರ್ಮೂಲನೆ, ಲೆಕ್ಕದಲ್ಲಿ ಅರ್ಧ. ಉಳಿದ ಅರ್ಧ ಜನರ ಬಗ್ಗೆ ಕೇಳಬೇಕಾದರೆ ಮೊದಲು ಈ ಎರಡು ಪದಗಳ ವ್ಯತ್ಯಾಸ ಗೊತ್ತಿರಬೇಕು.

ಕೋರ್ಟಿಗೆ ಹೋಗೋಣ. ವರದಿಗಾರರು ಇದನ್ನು ಗಮನವಿಟ್ಟು ಕೇಳಬೇಕು. ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ ಗಲ್ಲು ಶಿಕ್ಷೆ ಸಂವಿಧಾನಕ್ಕೆ ವಿರುದ್ಧವಲ್ಲ ಅಂದಿತು. ಆದರೆ ಅದು ಅಪರೂಪದಲ್ಲೇ ಅಪರೂಪದ ಪ್ರಕರಣಕ್ಕೆ ಮಾತ್ರ ಇರಲಿ ಅಂತಲೂ ಹೇಳಿತು. ಶಿಕ್ಷೆ ಕೊಡುವಾಗ ಅಗ್ರವೇಟಿಂಗ್ ಮತ್ತು ಮಿಟಿಗೇಟಿಂಗ್ ಸಂದರ್ಭಗಳನ್ನು ತೂಗಬೇಕು ಅಂದಿತು. ಒಂದು ಕಡೆ ಭಾರ ಹೆಚ್ಚಿಸುವಂಥವು, ಇನ್ನೊಂದು ಕಡೆ ಮೆತ್ತಗೆ ಮಾಡುವಂಥವು. ಆರೋಪಿಯ ವಯಸ್ಸು, ಸುಧಾರಿಸುವ ಸಾಧ್ಯತೆ, ಬೇರೆಯವರ ಒತ್ತಡಕ್ಕೆ ಸಿಕ್ಕಿದ್ದನೇ, ಮನಸ್ಸಿನ ಸ್ಥಿತಿ ಹೇಗಿತ್ತು, ಇವೆಲ್ಲ ಎರಡನೇ ತಟ್ಟೆಗೆ ಬರುತ್ತವೆ. ಇಲ್ಲಿ ಮಿಟಿಗೇಟ್ ಆಗುವುದು ಶಿಕ್ಷೆ. ಅಪರಾಧ ಅಷ್ಟೇ ಇರುತ್ತದೆ, ಅಪರಾಧಿ ಅಪರಾಧಿಯಾಗಿಯೇ ಉಳಿಯುತ್ತಾನೆ. ಇದನ್ನು 'ಅಪರಾಧವನ್ನು ಸಮರ್ಥಿಸುವ ಕಾರಣಗಳು' ಅಂತ ಬರೆದರೆ ಸತ್ತವರ ಮನೆಯವರಿಗೂ ಅನ್ಯಾಯ, ಕೋರ್ಟಿಗೂ ಅನ್ಯಾಯ. 'ಶಿಕ್ಷೆ ತಗ್ಗಿಸಬಲ್ಲ ಸಂದರ್ಭಗಳು' ಅಂದರೆ ಸಾಕು. 2022ರಲ್ಲಿ ಮನೋಜ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ವಿವರಗಳನ್ನು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ಕಲೆಹಾಕಬೇಕು ಅಂದಿದೆ. ಹಾಗಾಗಿ ಈ ಪದ ಇನ್ನು ಮುಂದೆ ಜಿಲ್ಲಾ ಕೋರ್ಟುಗಳ ಸುದ್ದಿಯಲ್ಲೂ ಜಾಸ್ತಿ ಬರುತ್ತದೆ.

ಶಿಕ್ಷೆ ಆದ ಮೇಲೆ ಇನ್ನೊಂದು ಪದಗಳ ಗುಂಪು ಇದೆ. ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೆ ಕೊಟ್ಟಿರುವ ಅಧಿಕಾರವನ್ನು ಓದಿ. ಪಾರ್ಡನ್, ರಿಪ್ರೀವ್, ರೆಸ್ಪಿಟ್, ರೆಮಿಷನ್, ಆಮೇಲೆ ಕಮ್ಯೂಟ್. ಪತ್ರಿಕೆಗಳಲ್ಲಿ ಎಲ್ಲಕ್ಕೂ 'ಕ್ಷಮಾದಾನ' ಅಂತ ಬಂದುಬಿಡುತ್ತದೆ. ಪಾರ್ಡನ್ ಅಂದರೆ ನಿಜವಾದ ಕ್ಷಮೆ, ಅಪರಾಧಿ ಅನ್ನುವ ತೀರ್ಮಾನವೂ ಹೋಗುತ್ತದೆ. ರಿಪ್ರೀವ್ ಅಂದರೆ ಸದ್ಯಕ್ಕೆ ತಡೆ. ರೆಮಿಷನ್, ಅಂದರೆ ರೆಮಿಟ್ ಮಾಡುವುದು, ಶಿಕ್ಷೆಯ ರೀತಿ ಬದಲಾಗದೆ ಅವಧಿ ಕಡಿಮೆಯಾಗುವುದು. ಸನ್ನಡತೆಯ ಮೇಲೆ ಬೇಗ ಬಿಡುಗಡೆಯಾಗುವ ಕೈದಿಗಳಿಗೆ ಸಿಕ್ಕಿದ್ದು ಇದು. ಕಮ್ಯೂಟ್ ಅಂದರೆ ಶಿಕ್ಷೆಯ ರೀತಿಯೇ ಬದಲಾಗಿ ಹಗುರವಾದದ್ದು ಬರುವುದು, ಗಲ್ಲಿನ ಬದಲು ಜೀವಾವಧಿ ಬಂದ ಹಾಗೆ. ರೆಮಿಟ್ ಮತ್ತು ಕಮ್ಯೂಟ್ ಎರಡರಲ್ಲೂ ಅಪರಾಧದ ತೀರ್ಪು ಹಾಗೇ ಉಳಿಯುತ್ತದೆ.

ಕರ್ನಾಟಕದ್ದೇ ಒಂದು ಪ್ರಕರಣ ಹೇಳುತ್ತೇನೆ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪಾಲಾರ್ ಬಳಿ ವೀರಪ್ಪನ್ ಗುಂಪು ನೆಲಬಾಂಬ್ ಸಿಡಿಸಿತು. 22 ಜನ ಸತ್ತರು. ನಾಲ್ವರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ 2001ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2004ರಲ್ಲಿ ಆ ಕೋರ್ಟ್ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಅಲ್ಲಿನ ಪದ ಎನ್‌ಹ್ಯಾನ್ಸ್. ರಾಷ್ಟ್ರಪತಿಯವರ ಮುಂದೆ ಅವರ ಅರ್ಜಿ ವರ್ಷಗಟ್ಟಲೆ ಉಳಿದು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. ಅವರು ಆಗ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. 2014ರ ಜನವರಿ 21ರಂದು ಸುಪ್ರೀಂ ಕೋರ್ಟಿನಿಂದ ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪು ಬಂತು. ಒಟ್ಟು 15 ಜನರ ಗಲ್ಲು ಶಿಕ್ಷೆ ಜೀವಾವಧಿಗೆ ಇಳಿಯಿತು, ಈ ನಾಲ್ವರೂ ಅದರಲ್ಲಿದ್ದರು. ಇವರ ವಿಷಯದಲ್ಲಿ ಮುಖ್ಯ ಕಾರಣ ಅರ್ಜಿ ತೀರ್ಮಾನಿಸಲು ಆದ ಅತಿಯಾದ ತಡ. ಕೋರ್ಟ್ ಇವರನ್ನು ಕ್ಷಮಿಸಲಿಲ್ಲ, ನಿರ್ದೋಷಿ ಅನ್ನಲಿಲ್ಲ, ಅಪರಾಧ ಸಣ್ಣದು ಅಂತಲೂ ಅನ್ನಲಿಲ್ಲ. ಕಮ್ಯೂಟ್ ಮಾಡಿತು. ಆ ದಿನ ಸತ್ತವರ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದವರಿಗೆ 'ಕ್ಷಮೆ' ಅನ್ನುವ ಪದ ಕಂಡಿದ್ದರೆ ಹೇಗನಿಸುತ್ತಿತ್ತು ಯೋಚಿಸಿ. ವರದಿಗಾರರು ಪದ ಆರಿಸುವಾಗ ಆ ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕಮ್ಯೂಟ್ ಅಂದರೆ ಮೂಲದಲ್ಲಿ ಅದಲು ಬದಲು ಮಾಡುವುದು. ನಿವೃತ್ತ ನೌಕರರಿಗೆ ಕಮ್ಯುಟೇಶನ್ ಗೊತ್ತು. ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಅದರ ಬದಲು ಇಡಿಗಂಟು ಪಡೆಯುವುದು. ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವವರ ಕಮ್ಯೂಟ್ ಕೂಡ ಇದೇ ಪದ. 19ನೇ ಶತಮಾನದ ಅಮೆರಿಕದ ರೈಲುಗಳಲ್ಲಿ ದಿನದಿನದ ಟಿಕೆಟ್ ಬದಲು ಒಟ್ಟಿಗೆ ಕಡಿಮೆ ದುಡ್ಡು ಕಟ್ಟಿ ಕಮ್ಯುಟೇಶನ್ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ಹಾಗೆ ಓಡಾಡುವವರು ಕಮ್ಯೂಟರ್ ಆದರು.

ಅಬೇಟ್ ಅನ್ನುವುದೂ ಕೋರ್ಟಿನಲ್ಲಿ ತನ್ನ ಅರ್ಥ ಬದಲಿಸಿಕೊಳ್ಳುತ್ತದೆ. ಬಿರುಗಾಳಿ ಅಬೇಟ್ ಆಯಿತು ಅಂದರೆ ಜೋರು ತಗ್ಗಿತು ಅಂತ. ಅಪೀಲು ಅಬೇಟ್ ಆಯಿತು ಅಂದರೆ ಅಲ್ಲಿಗೆ ಮುಗಿಯಿತು ಅಂತ. ಜಯಲಲಿತಾ ಅವರ ಆಸ್ತಿ ಪ್ರಕರಣ ಬೆಂಗಳೂರಿನಲ್ಲೇ ನಡೆದದ್ದು. ವಿಶೇಷ ನ್ಯಾಯಾಲಯ 2014ರಲ್ಲಿ ಶಿಕ್ಷೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ 2015ರಲ್ಲಿ ಬಿಡುಗಡೆ ಮಾಡಿತು, ಕರ್ನಾಟಕ ಸರ್ಕಾರ ಮೇಲ್ಮನವಿ ಹಾಕಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಉಳಿದ ಮೂವರು ಆರೋಪಿಗಳಿಗೆ ವಿಶೇಷ ನ್ಯಾಯಾಲಯ ಕೊಟ್ಟಿದ್ದ ಶಿಕ್ಷೆಯನ್ನು ಎತ್ತಿಹಿಡಿಯಿತು. ಜಯಲಲಿತಾ 2016ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಮೇಲ್ಮನವಿ ಅಬೇಟ್ ಆಗಿದೆ ಅಂದಿತು. ನಮ್ಮ ಮೂರನೇ ಪ್ರಶ್ನೆಗೆ 'ಏನೂ ಉಳಿಯುವುದಿಲ್ಲ' ಅನ್ನುವ ಉತ್ತರ ಸಿಗುವ ಅಪರೂಪದ ಜಾಗ ಇದು. ಹಾಗಾಗಿ ಪದಕೋಶ ಒಂದನ್ನೇ ನಂಬಬೇಡಿ, ಪದ ಯಾವ ಕೋಣೆಯಲ್ಲಿ ಕೂತಿದೆ ಅಂತಲೂ ನೋಡಿ.

ಮಿಟಿಗೇಟ್ ಮತ್ತೊಂದು ಕೋಣೆಯಲ್ಲೂ ಕೂತಿದೆ, ಹವಾಮಾನದ ಕೋಣೆಯಲ್ಲಿ. ಅಲ್ಲಿ ಮಿಟಿಗೇಷನ್ ಮತ್ತು ಅಡಾಪ್ಟೇಷನ್ ಅಂತ ಎರಡು ಬೇರೆ ಬೇರೆ ಕೆಲಸಗಳಿವೆ. ಪಾವಗಡವನ್ನು ತೆಗೆದುಕೊಳ್ಳಿ. ಬರ ಬಿಡದ ತಾಲ್ಲೂಕು. ಅಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ. ಕಲ್ಲಿದ್ದಲು ಸುಡುವುದು ಅಷ್ಟರ ಮಟ್ಟಿಗೆ ತಪ್ಪುವುದರಿಂದ ಅದು ಮಿಟಿಗೇಷನ್, ಹವಾಮಾನ ಬದಲಾವಣೆಯ ಕಾರಣವನ್ನೇ ತಗ್ಗಿಸುವ ದಾರಿ. ಅಂಥದೇ ಬರದ ಸೀಮೆಯ ರೈತ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದರೆ ಅದು ಅಡಾಪ್ಟೇಷನ್, ಬಂದ ಬರಕ್ಕೆ ಹೊಂದಿಕೊಳ್ಳುವ ದಾರಿ. ಬೆಳೆ ಒಣಗಿದ ಮೇಲೆ ಸರ್ಕಾರ ಖಾತೆಗೆ ಹಾಕುವ ದುಡ್ಡು ರಿಲೀಫ್. ಕನ್ನಡದಲ್ಲಿ ಅದನ್ನು ಪರಿಹಾರ ಅನ್ನುತ್ತೇವೆ. ಸಮಸ್ಯೆಗೆ ಉತ್ತರವೂ ಪರಿಹಾರ, ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಕೊಡುವುದೂ ಪರಿಹಾರ, ಜ್ಯೋತಿಷಿ ಹೇಳುವುದೂ ಪರಿಹಾರ. 'ಬರ ಪರಿಹಾರ ನೀಡಲಾಗಿದೆ' ಅಂತ ಓದಿದರೆ ಬರಕ್ಕೆ ಏನೋ ಆಯಿತು ಅನಿಸುತ್ತದೆ. ಬರಕ್ಕೆ ಏನೂ ಆಗಿಲ್ಲ. ಬರದಿಂದ ಆದ ನಷ್ಟದಲ್ಲಿ ಒಂದು ಪಾಲು ಹಗುರವಾಯಿತು. ನಾನಾದರೆ ಸಾಧ್ಯವಾದ ಕಡೆಯಲ್ಲೆಲ್ಲ 'ನೆರವು' ಅಂತ ಬರೆಯುತ್ತೇನೆ.

ಇಲ್ಲಿ ಒಂದು ತಪ್ಪನ್ನು ಹೇಳಿ ಮುಂದೆ ಹೋಗುತ್ತೇನೆ. 'ಮಿಟಿಗೇಟ್ ಅಗೇನ್‌ಸ್ಟ್' ಅಂತ ಬರೆಯುವುದು ಇಂಗ್ಲಿಷ್ ಮನೆಮಾತಿನವರಲ್ಲೂ ಇದೆ. ಅವರ ಮನಸ್ಸಿನಲ್ಲಿರುವುದು ಮಿಲಿಟೇಟ್. ಅದು ಸೈನಿಕ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂತು, ವಿರುದ್ಧವಾಗಿ ಕೆಲಸ ಮಾಡು ಅಂತ ಅರ್ಥ. ಅದಕ್ಕೆ ಅಗೇನ್‌ಸ್ಟ್ ಬೇಕು. ಮಿಟಿಗೇಟ್‌ಗೆ ಬೇಡ, ನೇರವಾಗಿ ಕರ್ಮ ಬಂದರೆ ಸಾಕು.

ಅಟೆನ್ಯುಯೇಟ್ ಬಗ್ಗೆ ವಿಜ್ಞಾನ ಬರೆಯುವವರಿಗೆ ಒಂದು ಮಾತು. ಪೋಲಿಯೊ ಹನಿ ಮತ್ತು ಕ್ಷಯಕ್ಕೆ ಕೊಡುವ ಬಿಸಿಜಿ ಎರಡೂ ಅಟೆನ್ಯುಯೇಟೆಡ್ ಲಸಿಕೆಗಳು. ರೋಗಾಣು ಜೀವಂತ, ಆದರೆ ಅದರ ಬಲ ತೆಳುವಾಗಿದೆ. ಬಿಸಿಜಿಗಾಗಿ ಕಾಲ್ಮೆಟ್ ಮತ್ತು ಗೆರಿನ್ ಅನ್ನುವ ಇಬ್ಬರು ಫ್ರೆಂಚ್ ವಿಜ್ಞಾನಿಗಳು ದನಗಳ ಕ್ಷಯದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ 13 ವರ್ಷ ಮತ್ತೆ ಮತ್ತೆ ಬೆಳೆಸಿ ಅದರ ಶಕ್ತಿ ಕುಗ್ಗಿಸಿದರು. 1921ರಲ್ಲಿ ಮೊದಲ ಬಾರಿ ಮಗುವಿಗೆ ಕೊಟ್ಟರು. ನಮ್ಮ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ವರ್ಷಗಟ್ಟಲೆ ಕೊಡುತ್ತಿದ್ದ ಲಸಿಕೆ ಬೇರೆ ಥರದ್ದು. ಅದರಲ್ಲಿ ವೈರಸ್ಸನ್ನು ಫಾರ್ಮಾಲಿನ್ನಿನಿಂದ ಪೂರ್ತಿ ನಿಷ್ಕ್ರಿಯ ಮಾಡಿರುತ್ತಿದ್ದರು. ಎರಡು ಥರದ ಲಸಿಕೆಗೂ 'ದುರ್ಬಲಗೊಳಿಸಿದ ರೋಗಾಣು' ಅಂತ ಬರೆದರೆ ತಪ್ಪು ಮಾಹಿತಿ ಕೊಟ್ಟ ಹಾಗೆ. ಒಂದರಲ್ಲಿ ಜೀವ ಉಳಿದಿದೆ, ಇನ್ನೊಂದರಲ್ಲಿ ಇಲ್ಲ.

ಮಾತು ಮುಗಿದ ಮೇಲೆ ಒಬ್ಬರು ಅಪೀಸ್ ಬಗ್ಗೆ ಕೇಳಿದರು. ಪತ್ರಿಕೆಗಳಲ್ಲಿ ದಿನಾ ಬರುವ 'ಓಲೈಕೆ' ಇದೇನಾ ಅಂತ. ಹೌದು. ಅದರ ಒಳಗಿರುವುದು ಫ್ರೆಂಚಿನ ಶಾಂತಿ ಅನ್ನುವ ಪದ. ಒಂದು ಕಾಲದಲ್ಲಿ ಅದು ಒಳ್ಳೆಯ ಪದವೇ ಆಗಿತ್ತು. ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನ್ ತನ್ನ ನೀತಿಗೆ ಆ ಹೆಸರನ್ನು ಹೆಮ್ಮೆಯಿಂದಲೇ ಬಳಸಿದರು. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ಕಿನಲ್ಲಿ ಜೆಕೊಸ್ಲೊವಾಕಿಯಾದ ಸುಡೇಟನ್ ಪ್ರದೇಶವನ್ನು ಹಿಟ್ಲರನಿಗೆ ಬಿಟ್ಟುಕೊಡುವ ಒಪ್ಪಂದವಾಯಿತು. ಮುಂದಿನ ಮಾರ್ಚಿನಲ್ಲಿ ಜರ್ಮನ್ ಸೇನೆ ಪ್ರಾಗ್‌ಗೇ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಅಂದಿನಿಂದ ಆ ಪದಕ್ಕೆ ಬಂದ ಕೆಟ್ಟ ಹೆಸರು ಹೋಗಿಲ್ಲ. ಈಗ ಯಾರನ್ನಾದರೂ ಅಪೀಸ್ ಮಾಡಿದರು ಅಂದರೆ ಬಿಟ್ಟುಕೊಡಬಾರದ್ದನ್ನು ಬಿಟ್ಟುಕೊಟ್ಟರು ಅನ್ನುವ ಆರೋಪ ಅದರಲ್ಲೇ ಇದೆ. ಅದಕ್ಕೇ ಸುದ್ದಿ ಬರೆಯುವಾಗ, ಆರೋಪ ಮಾಡಿದವರು ಯಾರು ಅಂತ ಹೇಳದೆ ಓಲೈಕೆ ಅನ್ನುವ ಪದವನ್ನು ನಿಮ್ಮದೇ ಮಾತಾಗಿ ಬಳಸಬೇಡಿ. ಬರೀ ಸಿಟ್ಟು ಇಳಿಸಿದರು ಅನ್ನಬೇಕಾದರೆ ಪ್ಲಕೇಟ್ ಇದೆ, ಕನ್ನಡದಲ್ಲಿ ಸಮಾಧಾನ ಮಾಡಿದರು ಅಂತ ಇದೆ.

ಇನ್ನೊಬ್ಬರು, ಪದವಿ ಓದುತ್ತಿರುವ ಹುಡುಗಿ, ಟೆಂಪರ್ ಬಗ್ಗೆ ಕೇಳಿದಳು. 'ಅವನಿಗೆ ಟೆಂಪರ್ ಜಾಸ್ತಿ ಅಂತೀವಿ. ಗೈಡಿನಲ್ಲಿ ನೋಡಿದರೆ ಟೆಂಪರ್ ಅಂದರೆ ಮೆದುಗೊಳಿಸು ಅಂತಿದೆ. ಅಡುಗೆ ವಿಡಿಯೊದಲ್ಲಿ ಒಗ್ಗರಣೆಗೆ ಟೆಂಪರಿಂಗ್ ಅಂತಾರೆ. ಯಾವುದು ಸರಿ?' ಎಲ್ಲವೂ ಸರಿ. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ಹದವಾಗಿ ಬೆರೆಸುವುದು. ಮನುಷ್ಯನಲ್ಲಿ ಗುಣಗಳು ಬೆರೆತಿರುವ ಹದ ಅವನ ಟೆಂಪರ್. ಅದು ನಿಧಾನವಾಗಿ ಸಿಟ್ಟು ಅನ್ನುವ ಅರ್ಥಕ್ಕೆ ಸರಿಯಿತು. ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ತುಂಬಾ ಗಟ್ಟಿಯಾಗುತ್ತದೆ, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಅದನ್ನು ಮತ್ತೆ ಸ್ವಲ್ಪ ಕಡಿಮೆ ಶಾಖದಲ್ಲಿ ಕಾಯಿಸುತ್ತಾರೆ. ಗಟ್ಟಿತನ ಒಂಚೂರು ಇಳಿಯುತ್ತದೆ, ಒಡೆಯುವ ಗುಣ ಹೋಗಿ ಬಾಳಿಕೆ ಬರುತ್ತದೆ. ಅದು ಟೆಂಪರಿಂಗ್. ನ್ಯಾಯವನ್ನು ಕರುಣೆಯಿಂದ ಟೆಂಪರ್ ಮಾಡಬೇಕು ಅಂತ ಇಂಗ್ಲಿಷಿನಲ್ಲಿ ಹೇಳುವುದೂ ಈ ಅರ್ಥದಲ್ಲೇ. ಅಲ್ಲಿ ನ್ಯಾಯ ಕಡಿಮೆಯಾಗುವುದಿಲ್ಲ, ಅದರ ಬಿರುಸು ಇಳಿಯುತ್ತದೆ. ಒಗ್ಗರಣೆಯ ಟೆಂಪರಿಂಗ್ ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ಬಳಕೆ. ಅಲ್ಲಿ ಏನನ್ನೂ ಕಡಿಮೆ ಮಾಡುವ ಮಾತಿಲ್ಲ, ಬೆರೆಸುವ ಹಳೆಯ ಅರ್ಥಕ್ಕೇ ಅದು ಹತ್ತಿರ. ಪರೀಕ್ಷೆಯಲ್ಲಿ ಕೇಳಿದರೆ ಮಾಡರೇಟ್ ಅನ್ನುವುದಕ್ಕೆ ಟಿಕ್ ಹಾಕು ಅಂದೆ. ವಾಕ್ಯ ಬರೆಯುವಾಗ ಮಾತ್ರ ಕರ್ಮದ ನಂತರ 'ವಿತ್' ಹಾಕುವುದನ್ನು ಮರೆಯಬೇಡ, ಯಾವುದನ್ನು ಬೆರೆಸಿ ಹದ ಮಾಡಿದರು ಅಂತ ಹೇಳಲು ಅದು ಬೇಕಾಗುತ್ತದೆ.